ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ತಾಲ್ಲೂಕು ಕೇಂದ್ರದ ಸಂತೆ ಮೈದಾನವನ್ನು ಅಭಿವೃದ್ಧಿ ಮಾಡುವ ಬಗ್ಗೆ ಸಾರ್ವಜನಿಕ ಸಭೆ ಕರೆದಿದ್ದರು. ನಮ್ಮ ಗುಂಪಿನ ಇಬ್ಬರು ವರದಿಗೆಂದು ಹೋಗಿದ್ದೆವು. ಸಭಾಂಗಣದಲ್ಲಿ ಪ್ರಾಜೆಕ್ಟರ್ ಹಾಕಿ ಬಣ್ಣಬಣ್ಣದ ನಕಾಶೆ ತೋರಿಸಿದರು. ಸಿಮೆಂಟಿನ ಕಟ್ಟೆಗಳು, ಮೇಲೆ ಶೀಟಿನ ಚಾವಣಿ, ನಡುವೆ ಇಂಟರ್‌ಲಾಕ್ ಹಾಸು, ಮೂಲೆಯಲ್ಲಿ ಶೌಚಾಲಯ. ನೋಡಲು ಚೆನ್ನಾಗಿಯೇ ಇತ್ತು. ಕೊನೆಗೆ "ಯಾರಿಗಾದರೂ ಏನಾದರೂ ಕೇಳುವುದಿದೆಯಾ?" ಎಂದರು.

ಹಿಂದಿನ ಸಾಲಿನಲ್ಲಿ ನಿಂತಿದ್ದ ಸೊಪ್ಪು ಮಾರುವ ಅಜ್ಜಿಯೊಬ್ಬರು ಕೇಳಿದರು: "ಅಲ್ಲ ಸ್ವಾಮಿ, ಮಧ್ಯಾಹ್ನದ ಬಿಸ್ಲು ಅಲ್ಲಿಗೆ ಯಾವ ಕಡೆಯಿಂದ ಬೀಳ್ತದೆ ನೋಡಿದ್ದೀರಾ?"

ಸಭೆಯಲ್ಲಿ ನಗು ಎದ್ದಿತು. ಅಧಿಕಾರಿ ಕೂಡ ನಕ್ಕರು. ಸಿಟ್ಟಿನ ಮನುಷ್ಯರಲ್ಲ ಅವರು. "ಅದೆಲ್ಲ ಆಮೇಲೆ ನೋಡೋಣಮ್ಮ. ಆಕ್ಷೇಪಣೆ ಏನಿದ್ರೂ ಬರೆದು ಕೊಡಿ" ಎಂದರು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಸಭೆ ಮುಗಿಯಿತು. ನಾವೂ ಮೊತ್ತ, ಕಟ್ಟೆಗಳ ಸಂಖ್ಯೆ, ಕಾಮಗಾರಿಯ ಅವಧಿ ಎಲ್ಲ ಗುರುತು ಹಾಕಿಕೊಂಡು ಬಂದು 'ಸುಸಜ್ಜಿತ ಮಾರುಕಟ್ಟೆಗೆ ಸಿದ್ಧತೆ' ಎಂದು ವರದಿ ಬರೆದೆವು. ಅಜ್ಜಿಯ ಪ್ರಶ್ನೆ ನಮ್ಮ ವರದಿಯಲ್ಲಿರಲಿಲ್ಲ.

ಈಗ ಕಟ್ಟೆಗಳು ಎದ್ದು ನಿಂತಿವೆ. ಎಲ್ಲವೂ ಪಶ್ಚಿಮಕ್ಕೆ ತೆರೆದಿವೆ. ನಮ್ಮ ಸಂತೆಯಲ್ಲಿ ವ್ಯಾಪಾರ ಬಿರುಸಾಗುವುದೇ ಮಧ್ಯಾಹ್ನ ಮೂರರ ನಂತರ, ಕೂಲಿ ಬಟವಾಡೆಯಾದ ಮೇಲೆ. ಅಷ್ಟು ಹೊತ್ತಿಗೆ ಬಿಸಿಲು ಓರೆಯಾಗಿ ಚಾವಣಿಯ ಕೆಳಗೆ ನುಗ್ಗಿ ಕಟ್ಟೆಯ ಮೇಲಿನ ಸೊಪ್ಪನ್ನೆಲ್ಲ ಬಾಡಿಸುತ್ತದೆ. ಕಟ್ಟೆಯ ಎತ್ತರವೂ ಹೆಚ್ಚು. ವಯಸ್ಸಾದವರು ಪುಟ್ಟಿ ಎತ್ತಿಕೊಂಡು ಹತ್ತಲಾರರು. ಹಾಗಾಗಿ ಸೊಪ್ಪಿನವರೆಲ್ಲ ಗೇಟಿನ ಹೊರಗೆ, ರಸ್ತೆ ಬದಿಯ ಹೊಂಗೆ ಮರದ ನೆರಳಿಗೆ ಬಂದು ಕೂತಿದ್ದಾರೆ. ಈಗ ಅವರನ್ನು 'ರಸ್ತೆ ಒತ್ತುವರಿದಾರರು' ಎಂದು ಎಬ್ಬಿಸುವ ಮಾತು ನಡೆಯುತ್ತಿದೆ. ಒಂದು ಪ್ರಶ್ನೆಗೆ ಆ ದಿನ ಕಿವಿಗೊಡದಿದ್ದಕ್ಕೆ ತೆತ್ತ ಬೆಲೆ ಇದು. ತೆರುತ್ತಿರುವವರು ಮಾತ್ರ ಪ್ರಶ್ನೆ ಕೇಳಿದವರೇ.

ಕನ್ನಡದಲ್ಲಿ 'ಕೇಳು' ಎಂಬ ಪದಕ್ಕೆ ಪ್ರಶ್ನೆ ಹಾಕು ಎಂದೂ ಅರ್ಥ, ಕಿವಿಗೊಡು ಎಂದೂ ಅರ್ಥ. ನಮ್ಮ ಪಟ್ಟಣಗಳ ಯೋಜನೆಯಲ್ಲಿ ಜನರನ್ನು ಕೇಳುವ ಕೆಲಸ ಒಂದಿಷ್ಟು ನಡೆಯುತ್ತದೆ. ಕೇಳಿಸಿಕೊಳ್ಳುವ ಕೆಲಸ ನಡೆಯುವುದಿಲ್ಲ. ಇವೆರಡರ ನಡುವಿನ ಅಂತರದ ಬಗ್ಗೆಯೇ ಈ ಬರಹ.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಕರ್ನಾಟಕದಲ್ಲಿ ಪಟ್ಟಣಗಳ ಮಹಾಯೋಜನೆ ತಯಾರಾಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಪ್ರಾಧಿಕಾರ ಕರಡು ಸಿದ್ಧಪಡಿಸುತ್ತದೆ, ಪ್ರಕಟಿಸುತ್ತದೆ, ಆಕ್ಷೇಪಣೆ ಮತ್ತು ಸಲಹೆ ಆಹ್ವಾನಿಸುತ್ತದೆ, ಅವನ್ನು ಪರಿಶೀಲಿಸಿ ಸರ್ಕಾರಕ್ಕೆ ಕಳುಹಿಸುತ್ತದೆ. ಅಂದರೆ ಜನರ ಸರದಿ ಬರುವ ಹೊತ್ತಿಗೆ ಗೆರೆ ಎಳೆದು ಮುಗಿದಿರುತ್ತದೆ. ಅವರಿಗೆ ಕೊಟ್ಟಿರುವ ಹೆಸರೂ ಗಮನಿಸಿ: ಆಕ್ಷೇಪಣೆದಾರರು. ಊರಿನ ಬಗ್ಗೆ ಗೊತ್ತಿರುವವರು ಎಂದಲ್ಲ, ತಕರಾರಿನವರು ಎಂದು.

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ವಾರ್ಡ್ ಸಮಿತಿಯ ಮಾತು ಅದರಲ್ಲಿದೆ. ಆದರೆ ಅದು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಮ್ಮ ತಾಲ್ಲೂಕು ಕೇಂದ್ರದಂಥ ಊರುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯಲ್ಲಾದರೆ ಗ್ರಾಮಸಭೆ ಇದೆ. ಅದು ನಡೆಯುವ ರೀತಿ ನಮಗೆಲ್ಲ ಗೊತ್ತು, ಆದರೂ ಎದ್ದು ನಿಂತು ಜಗಳ ಮಾಡಲು ಒಂದು ಜಾಗವಾದರೂ ಇದೆ. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದ ದಿನ ಆ ಜಾಗ ಹೋಗುತ್ತದೆ. ಊರು ದೊಡ್ಡದಾಯಿತೆಂದು ಎಲ್ಲರೂ ಸಿಹಿ ಹಂಚುತ್ತಾರೆ. ಗ್ರಾಮಸಭೆ ಕಳೆದುಕೊಂಡೆವೆಂದು ಯಾರೂ ಹೇಳುವುದಿಲ್ಲ.

ದೊಡ್ಡ ನಗರದ ಕಥೆ ಬೇರೆಯೇನಲ್ಲ. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ಕೊನೆಯಲ್ಲಿ ಹೊರಬಂತು. ಸಂಪುಟಗಟ್ಟಲೆ ದಾಖಲೆ, ನೂರಾರು ನಕಾಶೆ. ಬಣ್ಣಗಳ ಅರ್ಥ ಗೊತ್ತಿದ್ದವರು, ಸರ್ವೆ ನಂಬರ್ ಹುಡುಕಬಲ್ಲವರು ಆಕ್ಷೇಪಣೆ ಬರೆದರು. ಮಿಕ್ಕವರಿಗೆ ತಮ್ಮ ಬೀದಿ ಯಾವ ಬಣ್ಣದಲ್ಲಿದೆ ಎಂಬುದೇ ತಿಳಿಯಲಿಲ್ಲ. ಆ ಕರಡು ಕೊನೆಗೆ ವಾಪಸಾಯಿತು. ಅದಕ್ಕೂ ಮುಂಚೆ, 2016ರಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಮಾತು ಬಂದಾಗ 800ಕ್ಕೂ ಹೆಚ್ಚು ಮರ ಹೋಗುತ್ತವೆಂದು ತಿಳಿದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಜನ ಗೆದ್ದರು, ನಿಜ. ಆದರೆ ಮೊದಲೇ ಕೂತು ಕೇಳಿಸಿಕೊಂಡಿದ್ದರೆ ಬೀದಿಗೆ ಬರುವ ಅಗತ್ಯವೇ ಇರಲಿಲ್ಲ. ಬೀದಿಗೆ ಬರುವಷ್ಟು ಪುರುಸೊತ್ತು, ಇಂಗ್ಲಿಷು, ಟೀವಿ ಕ್ಯಾಮೆರಾ ಎಲ್ಲರ ಬಳಿಯೂ ಇರುವುದಿಲ್ಲ.

ಅಜ್ಜಿಯ ಪ್ರಶ್ನೆಗೆ ಮರಳೋಣ. ಆ ಪ್ರಶ್ನೆಯಲ್ಲಿದ್ದದ್ದು ಎಂಥ ತಿಳಿವಳಿಕೆ? ಎಂಜಿನಿಯರಿಂಗ್ ಕಲಿತವರ ಲೆಕ್ಕವಲ್ಲ, ಬರೀ ಅಭಿಪ್ರಾಯವೂ ಅಲ್ಲ. ಅದಕ್ಕೆ ನಮ್ಮಲ್ಲಿ ಒಂದು ಪದವಿದೆ: ಹದ. ಆಲೆಮನೆಯಲ್ಲಿ ಪಾಕ ಯಾವಾಗ ಇಳಿಸಬೇಕೆಂದು ಥರ್ಮಾಮೀಟರ್ ಹೇಳುವುದಿಲ್ಲ, ಪಾಕದ ಮುಂದೆ ನಿಂತವನು ಹೇಳುತ್ತಾನೆ. ಮಳೆ ಬಿದ್ದ ಮೇಲೆ ಹೊಲಕ್ಕೆ ಯಾವಾಗ ನೇಗಿಲು ಇಳಿಸಬೇಕೆಂಬುದು ಹಿಡಿ ಮಣ್ಣು ಹಿಸುಕಿ ನೋಡಿದ ರೈತನಿಗೆ ಗೊತ್ತು. ಅರಿಸ್ಟಾಟಲ್ ಶಾಸ್ತ್ರದ ಜ್ಞಾನ, ಕಸುಬಿನ ಜ್ಞಾನ ಎರಡರಿಂದಲೂ ಬೇರೆಯಾಗಿ 'ಫ್ರೊನೆಸಿಸ್' ಎಂಬ ಮೂರನೆಯದನ್ನು ಹೇಳಿದ್ದ. ಈ ಜಾಗದಲ್ಲಿ, ಈ ಜನರ ನಡುವೆ, ಈ ಹೊತ್ತಿಗೆ ಏನು ಮಾಡಿದರೆ ಸರಿ ಎಂದು ಅನುಭವದಿಂದ ಕಂಡುಕೊಳ್ಳುವ ವಿವೇಕ ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಊರಿನ ಹದ ಬಲ್ಲವರ ವಿವೇಕ.

ಹಿಂದೆ ಈ ಹದಕ್ಕೆ ಒಂದು ಹುದ್ದೆಯೇ ಇತ್ತು. ಕೋಲಾರ, ತುಮಕೂರು, ಬೆಂಗಳೂರು ಸೀಮೆಯ ಕೆರೆಯೂರುಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಯಾವ ತಾಕಿಗೆ ಎಷ್ಟು ಹೊತ್ತು ನೀರು, ಏರಿಯ ಯಾವ ಭಾಗ ಜಿನುಗುತ್ತಿದೆ, ಕೋಡಿ ಬಿದ್ದರೆ ನೀರು ಯಾವ ದಾರಿ ಹಿಡಿಯುತ್ತದೆ ಎಲ್ಲ ಅವನಿಗೆ ಗೊತ್ತು. ಹೆಚ್ಚಿನ ಊರುಗಳಲ್ಲಿ ದಲಿತರೇ ಈ ಕೆಲಸ ಮಾಡುತ್ತಿದ್ದರು. ಊರಿನ ಅನ್ನ ಅವರ ತಿಳಿವಿನ ಮೇಲೆ ನಿಂತಿತ್ತು, ಮರ್ಯಾದೆ ಮಾತ್ರ ಅಷ್ಟಕ್ಕಷ್ಟೆ. ನಗರ ಬೆಳೆದಾಗ ಆ ತಿಳಿವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿದ್ದ ಕೆರೆಗಳ ನಡುವಿನ ರಾಜಕಾಲುವೆಗಳ ಮೇಲೆ ಬಡಾವಣೆ ಎದ್ದವು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಹೊರತಂದರಲ್ಲ, ಆ ದಿನ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಹೋಗಿತ್ತು.

ಈ ಬಗೆಯ ತಿಳಿವು ಇವತ್ತಿಗೂ ಊರಿನಲ್ಲಿದೆ. ಯಾವ ಮೋರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ ಎಂದು ಪೌರಕಾರ್ಮಿಕರನ್ನು ಕೇಳಿ. ಯಾವ ತಿರುವಿನಲ್ಲಿ ಸಂಜೆ ಏಳರ ಮೇಲೆ ಒಬ್ಬಳೇ ನಡೆಯಲಾಗದು ಎಂದು ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯನ್ನು ಕೇಳಿ. ಅಡಚಣೆ ಏನೆಂದರೆ, ಈ ತಿಳಿವು ಅರ್ಜಿಯ ರೂಪದಲ್ಲಿ ಇರುವುದಿಲ್ಲ. ಅದು ಕೈಯಲ್ಲಿ, ಕಾಲಿನಲ್ಲಿ, ದಿನಚರಿಯಲ್ಲಿ ಇರುತ್ತದೆ. 'ಲಿಖಿತವಾಗಿ ಕೊಡಿ' ಎಂದೊಡನೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಕಲೆಯ ಮಾತು ಬರುವುದು ಇಲ್ಲಿಯೇ.

ಕಲೆ ಎಂದರೆ ನಮ್ಮ ಪುರಸಭೆ, ನಗರಸಭೆಗಳಿಗೆ ತಕ್ಷಣ ನೆನಪಾಗುವುದು ಗೋಡೆಗೆ ಬಣ್ಣ ಬಳಿಯುವುದು. ಕಾಮಗಾರಿ ಮುಗಿದ ಮೇಲೆ ಕಾಂಪೌಂಡಿಗೆ ಯಕ್ಷಗಾನದ ಕಿರೀಟವೋ ಹಂಪಿಯ ಕಲ್ಲಿನ ರಥವೋ ಬರೆಸುತ್ತಾರೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಕಲೆಯಿಂದ ಇದಕ್ಕಿಂತ ದೊಡ್ಡ ಕೆಲಸವಾಗುತ್ತದೆ. ಅರ್ಜಿ ಬರೆಯಲಾರದವರ ತಿಳಿವನ್ನು ಹೊರಗೆ ತರುವ ಶಕ್ತಿ ಅದಕ್ಕಿದೆ.

ಬೆಂಗಳೂರು ಕರಗವನ್ನೇ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಪೇಟೆಯ ಬೀದಿಗಳನ್ನು ಸುತ್ತುತ್ತದೆ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ತೋಟಗಾರಿಕೆ ತಿಗಳರ ಕಸುಬು, ಕೆರೆಯ ನೀರು ಅವರ ಬದುಕು. ಸಂಪಂಗಿ ಕೆರೆ ಹೋದ ಮೇಲೂ ಕಂಠೀರವ ಕ್ರೀಡಾಂಗಣದ ಪಕ್ಕ ಒಂದು ಸಣ್ಣ ಕೊಳ ಉಳಿದಿದೆ. ಕರಗದ ವಿಧಿಗಳಿಗೆ ಅದು ಬೇಕು ಎಂಬ ಕಾರಣಕ್ಕೆ ಉಳಿದದ್ದು. ಇಡೀ ಕೆರೆಯನ್ನು ನಕಾಶೆ ಅಳಿಸಿಹಾಕಿತು, ಒಂದು ಮೂಲೆಯನ್ನು ಕುಣಿತ ಉಳಿಸಿಕೊಂಡಿತು. ಕೆರೆ ಎಲ್ಲಿತ್ತು, ತೋಟ ಎಲ್ಲಿತ್ತು, ಯಾರು ಯಾರ ನೆರೆಯವರಾಗಿದ್ದರು ಎಂಬುದನ್ನು ಪ್ರತಿವರ್ಷ ಹೆಜ್ಜೆ ಹಾಕಿ ನೆನಪಿಸುವ ಒಂದು ನಕಾಶೆ ಅದು. ಯಾವ ಯೋಜನಾಧಿಕಾರಿಯಾದರೂ ಆ ರಾತ್ರಿ ನೋಟ್‌ಬುಕ್ ಹಿಡಿದು ಕರಗದ ಹಿಂದೆ ನಡೆದರೆ ಹಳೆ ಪೇಟೆಯ ಬಗ್ಗೆ ಕಚೇರಿಯ ಕಡತಗಳಲ್ಲಿ ಇಲ್ಲದ್ದನ್ನು ಕಲಿಯಬಹುದು.

ಬಾದಲ್ ನಂಜುಂಡಸ್ವಾಮಿಯವರ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟರು, 2019ರಲ್ಲಿ ಹೇರೋಹಳ್ಳಿಯ ಕಡೆಯ ಹಾಳು ರಸ್ತೆಯನ್ನು ಚಂದ್ರನ ನೆಲ ಮಾಡಿ ಗಗನಯಾತ್ರಿಯನ್ನು ನಡೆಸಿದರು. ಎರಡೂ ಸಲ ಪಾಲಿಕೆ ಬೇಗನೆ ದುರಸ್ತಿಗೆ ಬಂತು. ಅರ್ಜಿಗಳಿಂದ ಆಗದ್ದು ಒಂದು ಚಿತ್ರದಿಂದ ಆಯಿತು. ಆದರೆ ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇವೆ: ಕಲೆ ಬರಬೇಕಾದದ್ದು ಗುಂಡಿ ಬಿದ್ದ ಮೇಲೆ ಮಾತ್ರವೇ? ಗೆರೆ ಎಳೆಯುವ ಮೊದಲೇ ಏಕೆ ಬರಬಾರದು?

ಬ್ರೆಜಿಲ್‌ನಲ್ಲಿ ಹಾಗೆ ಮಾಡಿ ತೋರಿಸಿದವರಿದ್ದಾರೆ. ರಂಗಕರ್ಮಿ ಆಗಸ್ಟೋ ಬೊಆಲ್ 1993ರಿಂದ 1996ರವರೆಗೆ ರಿಯೋ ಡಿ ಜನೈರೋ ನಗರದ ಪಾಲಿಕೆ ಸದಸ್ಯರಾಗಿದ್ದರು. ಅವರ ತಂಡಗಳು ಬಡಾವಣೆಗಳಿಗೆ ಹೋಗಿ ಅಲ್ಲಿನ ಕಷ್ಟವನ್ನೇ ನಾಟಕ ಆಡುತ್ತಿದ್ದವು. ನಾಟಕ ಬಿಕ್ಕಟ್ಟಿಗೆ ಬಂದಾಗ ನಿಲ್ಲಿಸಿ, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಂದು ಮಾಡಿ ತೋರಿಸಿ" ಎನ್ನುತ್ತಿದ್ದರು. ನೋಡುಗರೇ ರಂಗಕ್ಕೆ ಬಂದು ಆಡಿ ತೋರಿಸಿದ್ದನ್ನು ಬರೆದುಕೊಂಡು ಮಸೂದೆ ಮಾಡಿದರು. ಹಾಗೆ 13 ಕಾನೂನುಗಳು ಬಂದವು. ನಮ್ಮಲ್ಲಿ ಬೀದಿನಾಟಕಕ್ಕೆ ಬರವಿಲ್ಲ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಹಳ್ಳಿಹಳ್ಳಿಗೆ ಜಾಥಾ ಹೋಗಿದೆ. ಆದರೆ ಸರ್ಕಾರಿ ಇಲಾಖೆಗಳು ಈಗ ಬೀದಿನಾಟಕ ಆಡಿಸುವುದು ಜನರಿಗೆ ಹೇಳಲಿಕ್ಕೆ: ಕಸ ಬೇರ್ಪಡಿಸಿ, ಲಸಿಕೆ ಹಾಕಿಸಿ. ಜನರಿಂದ ಕೇಳಿಸಿಕೊಳ್ಳಲಿಕ್ಕೆ ಒಮ್ಮೆ ಆಡಿಸಿ ನೋಡಲಿ.

ಬ್ರೆಜಿಲ್‌ವರೆಗೆ ಹೋಗುವುದೂ ಬೇಡ. ನೆಲದ ಮೇಲೆ ರಂಗೋಲಿ ಪುಡಿ, ಕಡ್ಡಿ, ಕಾಳು, ಎಲೆ ಇಟ್ಟು ಹಳ್ಳಿಯವರೇ ತಮ್ಮ ಊರಿನ ನಕಾಶೆ ಬಿಡಿಸುವ ಪದ್ಧತಿ ನಮಗೆಲ್ಲ ತರಗತಿಯಲ್ಲಿ ಪಾಠವಾಗಿದೆ. ಸಹಭಾಗಿತ್ವದ ಗ್ರಾಮ ಸಮೀಕ್ಷೆ, ಪಿಆರ್‌ಎ. 1980ರ ದಶಕದ ಕೊನೆಯಲ್ಲಿ ಅದು ಬೆಳೆದ ಜಾಗಗಳಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿವೆ. ಮೈರಾಡಾದಂಥ ಸಂಸ್ಥೆಗಳು ಇಲ್ಲಿ ಅದನ್ನು ಬಳಸಿ ತಿದ್ದಿದವು. ಅಕ್ಷರ ಬಾರದವರ ಕೈಯಲ್ಲೂ ನಕಾಶೆ ಮೂಡುತ್ತದೆ, ಒಬ್ಬರು ಇಟ್ಟ ಕಲ್ಲನ್ನು ಇನ್ನೊಬ್ಬರು ಸರಿಸಿ "ಅಲ್ಲಲ್ಲ, ಬಾವಿ ಈ ಕಡೆಗೆ" ಎನ್ನುತ್ತಾರೆ. ಹಳ್ಳಿಯ ಜಲಾನಯನ ಯೋಜನೆಗೆ ಸಾಲುವ ಈ ಪದ್ಧತಿ ಪಟ್ಟಣದ ಸಂತೆ ಮೈದಾನಕ್ಕೆ ಸಾಲದೇ? ಹಳ್ಳಿಗಳಿಗೆ ಪಟ್ಟಣ ಕಲಿಸಬೇಕೆಂದೇ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲಿ ಪಾಠ ಹಳ್ಳಿಯಿಂದ ಪಟ್ಟಣಕ್ಕೆ ಹೋಗಬೇಕಾಗಿದೆ.

ಇದಕ್ಕೆ ಬರುವ ಆಕ್ಷೇಪಗಳೂ ನಮಗೆ ಗೊತ್ತು. "ಎಲ್ಲರ ಮಾತೂ ಕೇಳುತ್ತ ಕೂತರೆ ಒಂದು ಮೋರಿಯನ್ನೂ ಕಟ್ಟಲಾಗದು" ಎಂದು ಎಂಜಿನಿಯರ್ ಮಿತ್ರರೊಬ್ಬರು ನಮ್ಮೊಡನೆ ವಾದಿಸಿದರು. ಅನುದಾನ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ, ಆ ಒತ್ತಡ ನಿಜ. ಆದರೆ ಈಗ ಸೊಪ್ಪಿನವರಿಗಾಗಿ ಕಟ್ಟೆಗಳಿಗೆ ಮರೆ ಕಟ್ಟಿಸಲು ಮತ್ತೊಂದು ಅಂದಾಜುಪಟ್ಟಿ ತಯಾರಾಗಬೇಕಂತೆ. ಒಂದು ವಾರ ಉಳಿಸಲು ಹೋಗಿ ಎರಡು ವರ್ಷ ಕಳೆದವು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. 'ಜನ' ಎಂದರೆ ಯಾರು? ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂರುವವರು, ಮೈಕು ಹಿಡಿಯುವವರು ಯಾವ ಊರಿನಲ್ಲೂ ಬದಲಾಗುವುದಿಲ್ಲ. ಜನರ ಮಾತೆಂದು ಕೇಳಿಸಿಕೊಂಡದ್ದು ಜಾತಿಬಲದ, ಹಣಬಲದ ಮಾತಾಗಿಬಿಡಬಹುದು. ಬಡಾವಣೆಯ ನಿವಾಸಿಗಳ ಸಂಘ ಕೆರೆ ಉಳಿಸಲು ಮುಂದೆ ಬಂದಾಗ ಮೊದಲು ಕೇಳುವುದು ವಾಕಿಂಗ್ ಪಾಥ್ ಮತ್ತು ಬೇಲಿ. ದನ ಮೇಯಿಸುವವರು, ಮೀನು ಹಿಡಿಯುವವರು ಬೇಲಿಯ ಆಚೆ ಉಳಿಯುತ್ತಾರೆ. ಹಾಗಾಗಲೇಬೇಕೆಂದಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪಾಲಿಕೆ ಮತ್ತು ಸ್ಥಳೀಯರು ಸೇರಿ ಪುನರುಜ್ಜೀವಗೊಳಿಸಿದಾಗ ಹೊಸ ನಿವಾಸಿಗಳ ಜೊತೆಗೆ ಹಳೆ ಊರಿನವರ ಮಾತಿಗೂ ಜಾಗ ಸಿಕ್ಕಿತು, ಮೇವು ಕೊಯ್ಯುವವರಿಗೂ ಅವಕಾಶ ಉಳಿಯಿತು. ಕೇಳಿಸಿಕೊಳ್ಳಲು ಹೊರಟವರು ಸಭೆಗೆ ಬಾರದವರನ್ನು ಹುಡುಕಿಕೊಂಡು ಹೋಗಬೇಕು. ಇಷ್ಟು ಮಾಡದಿದ್ದರೆ ರಂಗೋಲಿ ನಕಾಶೆಯೂ ಫೋಟೋಗೆ ಚೆಂದ ಕಾಣುವ ಇನ್ನೊಂದು ತೋರಿಕೆಯಾಗುತ್ತದೆ.

ಕಾನೂನಿನಲ್ಲಿ ಕುರ್ಚಿ ಕೊಟ್ಟರೆ ಸಾಲದೇ ಎಂದೂ ಕೇಳುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಒಳ್ಳೆಯ ಕಾಯ್ದೆ. ಕುರ್ಚಿ ಬೇಕೇ ಬೇಕು. ಆದರೆ ಕುರ್ಚಿಯಲ್ಲಿ ಕೂತವರು ಮಾತಾಡಿದಾಗ ನಗುವ ಸಭೆಯಿದ್ದರೆ ಕುರ್ಚಿ ಏನು ಮಾಡೀತು?

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಯಾವುದೇ ಊರಿನ ಮಾರುಕಟ್ಟೆ, ಬಸ್ ನಿಲ್ದಾಣ, ರಸ್ತೆಯ ನಕಾಶೆ ಬರೆಯುವ ಮೊದಲು ಬರೆಯುವವರು ಆ ಜಾಗದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ನಿಂತು ನೋಡಲಿ, ಸಂತೆಯಾದರೆ ಸಂತೆಯ ದಿನವೇ. ಅಲ್ಲಿ ದುಡಿಯುವವರಿಂದ ನೆಲದ ಮೇಲೆ ನಕಾಶೆ ಬಿಡಿಸಿಕೊಳ್ಳಲಿ. ಹೆಂಗಸರದ್ದು ಬೇರೆ, ಪೌರಕಾರ್ಮಿಕರದ್ದು ಬೇರೆ ಇರಲಿ, ಯಾಕೆಂದರೆ ಅವು ಒಂದೇ ಆಗಿರುವುದಿಲ್ಲ. ಬಾಯಿಮಾತಿನ ಸಲಹೆಯನ್ನು ಬರೆದುಕೊಳ್ಳುವ ಹೊಣೆ ಕಚೇರಿಯದ್ದಾಗಲಿ. ಕೊನೆಗೆ ಯಾವುದನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಯಾಕೆ ಎಂಬುದನ್ನು ಅದೇ ಜಾಗದಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಎಲ್ಲವನ್ನೂ ಒಪ್ಪಲೇಬೇಕೆಂದು ನಾವು ಹೇಳುತ್ತಿಲ್ಲ. ಉತ್ತರ ಕೊಡದೆ ಬಿಡಬಾರದು ಎನ್ನುತ್ತಿದ್ದೇವೆ.

ಇನ್ನು ನಮ್ಮ ಪಾಲಿನ ತಪ್ಪು. ಕೇಳಿಸಿಕೊಳ್ಳುವುದೇ ಕಸುಬಾಗಿರುವ ನಾವು ಆ ದಿನ ಅಜ್ಜಿಯ ಮಾತನ್ನು ತಮಾಷೆ ಎಂದು ಬಿಟ್ಟು ಬಂದೆವು. ಅಧಿಕಾರಿಯ ಅಂಕಿಗಳು ಸುದ್ದಿಯಂತೆ ಕಂಡವು, ಬಿಸಿಲಿನ ದಿಕ್ಕು ಕಾಣಲಿಲ್ಲ. ಹಳ್ಳಿಯಿಂದ ಬಂದವರು, ಗ್ರಾಮೀಣ ಪತ್ರಿಕೋದ್ಯಮ ಓದಿದವರು ಎಂದು ಎದೆಯುಬ್ಬಿಸುವ ನಮಗೇ ಹದದ ಮಾತು ಕಿವಿಗೆ ಬೀಳದಿದ್ದರೆ ಬೇರೆಯವರನ್ನು ದೂರಿ ಫಲವೇನು?

ಕಳೆದ ತಿಂಗಳು ಸಂತೆಗೆ ಹೋಗಿ ಹೊಂಗೆ ಮರದ ಕೆಳಗೆ ಅಜ್ಜಿಯ ಪಕ್ಕ ಕೂತೆವು. "ನೀವು ಪೇಪರ್‌ನೋರಲ್ವಾ? ಆವತ್ತೂ ಬಂದಿದ್ರಿ" ಎಂದರು. ಹೌದೆಂದೆವು. ಕಟ್ಟೆ ಹೇಗಿರಬೇಕಿತ್ತು ಎಂದು ಕೇಳಿದಾಗ ಸೊಪ್ಪು ಕಟ್ಟುವ ಬಾಳೆನಾರನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, "ಇದು ರಸ್ತೆ ಅಂದ್ಕೋ ಮಗಾ" ಎಂದು ಶುರು ಮಾಡಿದರು. ಹತ್ತು ನಿಮಿಷದಲ್ಲಿ ಸಂತೆ ಮೈದಾನ ನಮ್ಮ ಮುಂದಿತ್ತು. ಬಿಸಿಲು, ನೀರಿನ ನಲ್ಲಿ, ಟೆಂಪೋ ನಿಲ್ಲುವ ಜಾಗ, ಬಸ್ಸಿಳಿದವರು ಬರುವ ದಾರಿ ಎಲ್ಲ. ಪಕ್ಕದವರು ಎರಡು ಕಡೆ ತಿದ್ದಿದರು, ಒಂದು ಕಡೆ ಅಜ್ಜಿ ಒಪ್ಪಲಿಲ್ಲ.

ಬಸ್ ನಿಲ್ದಾಣದ ಕಡೆಯ ಎರಡನೇ ಹಂತದ ಕಾಮಗಾರಿಗೆ ಸದ್ಯದಲ್ಲೇ ಇನ್ನೊಂದು ಸಭೆ ಕರೆಯುತ್ತಾರಂತೆ. ಆ ನಕಾಶೆಯನ್ನು ಹಾಳೆಗೆ ಇಳಿಸಿಕೊಂಡಿದ್ದೇವೆ, ಫೋಟೋ ತೆಗೆದಿದ್ದೇವೆ. ಈ ಸಲ ವರದಿ ಸಭೆ ಮುಗಿದ ಮೇಲಲ್ಲ, ಒಂದು ವಾರ ಮೊದಲೇ ಬರೆಯುತ್ತೇವೆ. ನಿಮ್ಮ ಊರಿನಲ್ಲೂ ಇಂಥ ಸಭೆಯಿದ್ದರೆ ಹೋಗಿ. ಹಿಂದಿನ ಸಾಲಿನಲ್ಲಿ ನಿಂತವರ ಪಕ್ಕ ನಿಂತುಕೊಳ್ಳಿ.